ನಾಣಿಯ ರಾತ್ರಿ ಪಾಳಿ

ಊರ್ಮಿಳಾ ಬಾಣಂತನ ಮುಗಿಸಿಕೊಂಡು ಕೂಸಿನ ಜೊತೆ ತವರಿನಿಂದ ನಾಗಸಂದ್ರಕ್ಕೆ ಬಂದ ದಿನವೇ ಅವಳ ಗಂಡ ನಾಣಿಯ ಹಾಸಿಗೆ ಅಡುಗೆಮನೆಗೆ ವರ್ಗವಾಯಿತು. ಆದೇಶ ಹೊರಡಿಸಿದವರು ಅವನ ತಾಯಿ ಅನುಸೂಯಮ್ಮ.

“ಬಾಣಂತಿ ಮೈ ಇನ್ನೂ ಹಸಿ ಕಣೋ. ಇವಳೂ ಮಗೂನೂ ನನ್ನ ಪಕ್ಕ ಮಲಗ್ತಾರೆ.”

ಇದ್ದದ್ದೇ ಒಂದು ಕೋಣೆ, ಒಂದು ಅಡುಗೆಮನೆ. ಪೀಣ್ಯದ ಕಾರ್ಖಾನೆಯಲ್ಲಿ ಕಬ್ಬಿಣವನ್ನು ಬೆಣ್ಣೆಯ ಹಾಗೆ ಕೊರೆಯುತ್ತಿದ್ದ ನಾಣಿ ತುಟಿ ಪಿಟಕ್ಕೆನ್ನದೆ ಸೀಮೆಣ್ಣೆ ಸ್ಟೌವಿನ ಪಕ್ಕ ಚಾಪೆ ಬಿಡಿಸಿದ.

ಮಗು ಬೋರಲು ಬಿತ್ತು, ಅಂಬೆಗಾಲಿಟ್ಟಿತು. ಕೋಣೆಗೂ ಅಡುಗೆಮನೆಗೂ ಅದು ಹೋಗಿ ಬರುತ್ತಿತ್ತು. ನಾಣಿಗೆ ಮಾತ್ರ ಆ ದಾರಿ ಸಾಗಲಿಲ್ಲ. ಹೆಂಡತಿಯ ಹತ್ತಿರ ಕೂತು ವರ್ಷವಾಗುತ್ತ ಬಂದಿತ್ತು. ತಾವಿಬ್ಬರೂ ಮತ್ತೆ ಗಂಡ ಹೆಂಡತಿ ಆಗುವುದು ಎಂದಿಗೆ ಎಂದು ಕೇಳೋಣವೆಂದರೆ ನಾಚಿಕೆ. ಇಂಥ ವಿಷಯಕ್ಕೆ ನಮ್ಮ ಗಂಡಸರಿಗೆ ಮೀಸೆ ಇರುತ್ತದೆ, ನಾಲಿಗೆ ಇರುವುದಿಲ್ಲ.

ಕಡೆಗೊಂದು ಉಪಾಯ ಹೊಳೆಯಿತು. ಅಮ್ಮ ದಿನಾ ಮಧ್ಯಾಹ್ನ ದೇವಸ್ಥಾನಕ್ಕೆ ಪುರಾಣ ಕೇಳಲು ಹೋಗುತ್ತಾರೆ. ಮಗು ಆಗ ಮಲಗುತ್ತದೆ. ರಾತ್ರಿ ಪಾಳಿ ಹಿಡಿದರೆ ಹಗಲು ಮನೆಯಲ್ಲೇ ಇರಬಹುದು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಪಾಪಯ್ಯನ ರಾತ್ರಿ ಪಾಳಿಯನ್ನು ನಾಣಿ ಸ್ವಲ್ಪ ಕಾಲಕ್ಕೆಂದು ತಾನೇ ಕೇಳಿ ತೆಗೆದುಕೊಂಡ. ಪಾಪಯ್ಯ ಇವನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದ.

ನಾಣಿ ಲೆಕ್ಕ ಹಾಕಿದ್ದ, ತಾಯಿಯ ಕರುಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

“ರಾತ್ರಿಯೆಲ್ಲ ದುಡಿದು ಬಂದಿದಾನೆ ಮಗ. ಪುರಾಣ ಎಲ್ಲಿಗೆ ಓಡಿಹೋಗುತ್ತೆ?” ಎಂದು ಅನುಸೂಯಮ್ಮ ಹೊಸ್ತಿಲಲ್ಲೇ ಕಾವಲು ಕೂತರು. ಸೊಪ್ಪಿನವಳನ್ನು ಓಡಿಸಿದರು, ಕಾಗೆಯನ್ನು ಓಡಿಸಿದರು. ಮಗು ಅತ್ತರೆ ಮಗನಿಗೆ ಎಚ್ಚರವಾದೀತೆಂದು ಸೊಸೆಯನ್ನೂ ಕೂಸನ್ನೂ ಮನೆ ಮಾಲೀಕ ಹನುಮಂತರಾಯಪ್ಪನ ಮನೆಗೆ ಕಳಿಸಿದರು. ಕೋಣೆಯೇನೋ ಸಿಕ್ಕಿತು. ಅದರ ನಡುಮಧ್ಯೆ ನಾಣಿ ಒಬ್ಬನೇ, ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದ.

ಒಂದು ಮಧ್ಯಾಹ್ನ ಅನುಸೂಯಮ್ಮ ಯಾರದೋ ಸೀಮಂತಕ್ಕೆ ಹೋಗಲೇಬೇಕಾಯಿತು. ಮಗು ಮಾಲೀಕರ ಮನೆಯಲ್ಲಿ ನಿದ್ದೆ ಹೋಗಿತ್ತು. ಅದರ ಬಟ್ಟೆ ತೆಗೆದುಕೊಂಡು ಹೋಗಲು ಬಂದ ಊರ್ಮಿಳೆಯ ಕೈ ಹಿಡಿದು ನಾಣಿ ಪಕ್ಕದಲ್ಲಿ ಕೂರಿಸಿಕೊಂಡ. ಅವಳು ಕೈ ಎಳೆದುಕೊಳ್ಳಲಿಲ್ಲ. ಮೈ ಮಾತ್ರ ಮರದ ಹಾಗೆ ಬಿಗಿಯಿತು.

“ಹೊಲಿಗೆ ಹಾಕಿದ್ದು ಇನ್ನೂ ನೋಯುತ್ತಾ?”

“ಅದು ಆವಾಗ್ಲೇ ವಾಸಿಯಾಯ್ತು ರೀ.”

“ಮತ್ತೆ?”

ಊರ್ಮಿಳಾ ಮಗುವಿನ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡಳು. “ಮಗು ಎಳೆಯುತ್ತೆ, ಅತ್ತೆ ಎಣ್ಣೆ ಹಚ್ಚಿ ತಿಕ್ತಾರೆ, ಈಗ ನೀವು. ಈ ಮೈ ನಂದು ಅಂತಾನೇ ಅನ್ನಿಸಲ್ಲ. ನಿಮ್ಮ ಮೇಲೆ ಸಿಟ್ಟಿಲ್ಲ. ಆಸೆ ಅನ್ನೋದೇ ಇಲ್ಲ.”

“ಇನ್ನು ಸ್ವಲ್ಪ ದಿವಸ ಆದ್ಮೇಲೆ?”

“ಗೊತ್ತಿಲ್ಲ. ಬರುತ್ತೆ ಅಂದ್ರೆ ನೀವು ಕಾಯ್ತಾ ಕೂತ್ಬಿಡ್ತೀರಿ.”

ನಾಣಿ ನಗಲು ನೋಡಿದ. “ನಿಂಗೋಸ್ಕರ ನೈಟ್ ಶಿಫ್ಟ್ ಹಿಡಿದೆ ಕಣೇ.”

“ಒಳ್ಳೇದೇ ಆಯ್ತು ಬಿಡಿ,” ಎಂದಳು ಅವಳು, ಅವನಿಗೆ ನೋವಾದೀತೆಂಬ ಯೋಚನೆಯೂ ಇಲ್ಲದೆ. “ರಾತ್ರಿ ನೀವು ಅಡುಗೆಮನೇಲಿ ಮಲಗ್ತಿದ್ದಾಗ, ಯಾವಾಗ ಎದ್ದು ಕರೀತೀರೋ ಅಂತ ನಂಗೆ ನಿದ್ದೇನೇ ಬರ್ತಿರ್ಲಿಲ್ಲ. ಈಗ ಮಗು ಮಲಗಿದ ತಕ್ಷಣ ನಂಗೂ ಕಣ್ಣು ಹತ್ತುತ್ತೆ.”

ಅವನು ಕೈ ಬಿಟ್ಟ. ಅವಳು ಬಟ್ಟೆ ಮಡಿಸಿಕೊಂಡು ಹೋದಳು.

ಒಪ್ಪಿಕೊಂಡ ಕಾಲ ಮುಗಿದಾಗ ಸತ್ಯವಂತ ಪಾಪಯ್ಯ ತಾನೇ ಹುಡುಕಿಕೊಂಡು ಬಂದ. “ನನ್ ಪಾಳಿ ನಂಗೆ ಕೊಟ್ಬಿಡು ಗುರು. ಇಂಗೇ ಇದ್ರೆ ನಿನ್ ಎಂಡ್ರು ನನ್ನ ಬೈಯಾಕಿಲ್ವಾ?”

“ಬೇಡ ಪಾಪಯ್ಯ, ನನಗೇ ಇರಲಿ.”

“ಯಾಕ್ ಗುರು, ಮನೇಲಿ ಎಲ್ಲಾ ಸಂದಾಕವ್ರಾ?”

“ಚೆನ್ನಾಗಿದಾರೆ. ರಾತ್ರಿ ಹೊತ್ತು ಒಳ್ಳೆ ನಿದ್ದೆ ಮಾಡ್ತಾರೆ,” ಎಂದು ನಾಣಿ ಮಷೀನಿನ ಕಡೆ ತಿರುಗಿಕೊಂಡ.