ಮಲೇಶಿಯಾ ಕನಕರಾಯ ನುಂಗಿಕೊಂಡ ಮಾತು

ಸಿಂಧನೂರು ಬಸ್ ನಿಲ್ದಾಣದ ಎದುರಿನ ನನ್ನೇಸಾಬನ ಚಹಾದಂಗಡಿಯಲ್ಲಿ ‘ಮಲೇಶಿಯಾ’ ಎಂದರೆ ದೇಶವಲ್ಲ, ಒಬ್ಬ ಮನುಷ್ಯ. ‘ಮಲೇಶಿಯಾ ಬಂದಾನ, ಒಂದು ಖಡಕ್ ಚಾ ಹಾಕು’ ಎಂದು ಯಾರಾದರೂ ಕೂಗಿದರೆ ಸಾಲಗುಂದದ ಗೌಂಡಿ ಕನಕರಾಯ ಬಂದನೆಂದೇ ಅರ್ಥ. ತೊಂಬತ್ತನೇ ಇಸವಿಯ ಮೊದಲಿಗೆ ಮದ್ರಾಸಿನ ಏಜೆಂಟನೊಬ್ಬನ ಮೂಲಕ ಕೌಲಾಲಂಪುರಕ್ಕೆ ಹೋಗಿ, ಮೂರು ವರ್ಷ ಅಲ್ಲಿ ಇಟ್ಟಂಗಿ ಕಟ್ಟಿ ಬಂದವನು ಅವನು. ಬಂದು ಎರಡು ವರ್ಷವಾದರೂ ಅವನ ಮಾತು ಹಳತಾಗಿರಲಿಲ್ಲ.

ಕನಕರಾಯ ಹೊಗಳುವಾಗಲೂ ಬಯ್ಯುವಾಗಲೂ ಓಳಂಬಿಯ ತೂಗುದಾರ ಹಿಡಿದು ಗೋಡೆ ನೋಡುವವನಂತೆ ನೋಡುತ್ತಿದ್ದ. ನೆಟ್ಟಗಿದ್ದುದನ್ನು ನೆಟ್ಟಗೆ, ಸೊಟ್ಟಗಿದ್ದುದನ್ನು ಸೊಟ್ಟಗೆ.

“ರಸ್ತೆ ಅಂದ್ರ ಅವರವು. ಮುಂಜಾನಿಂದ ಮಳಿ ಹೊಡದ್ರೂ ಸಂಜಿಗೆ ಒಂದು ಹನಿ ನೀರು ನಿಂದರಂಗಿಲ್ಲ. ನಮ್ಮ ಮಸ್ಕಿ ರಸ್ತ್ಯಾಗ ಮಳಿ ಬಂದ್ರ ಎಮ್ಮಿ ಈಜ್ತಾವ” ಎನ್ನುತ್ತಿದ್ದ.

“ಹಂಗಾರ ಅಲ್ಲೇ ಇರಬೇಕಿತ್ತಲ್ಲ ಕನಕಣ್ಣ, ಎಮ್ಮಿ ಕಾಯಾಕ ಯಾಕ ಬಂದಿ?” ಎಂದು ನನ್ನೇಸಾಬ ಕೆಣಕುತ್ತಿದ್ದ.

“ಬಯ್ಯಾಕ ಬಂದೆ. ಅಲ್ಲಿ ಮಂತ್ರಿನ್ನ ಬಯ್ಯಬೇಕಂದ್ರ ಮೊದಲು ಹಿಂದ ಮುಂದ ನೋಡ್ತಾರ, ಆಮ್ಯಾಲ ದನಿ ಇಳಸ್ತಾರ. ನಾ ಹೋದ ವರ್ಷಾನ ಎಲೆಕ್ಷನ್ ಆತು. ಬಾವುಟ ಭಾಳ ಹಾರಿದ್ವು, ಮಾತು ಮಾತ್ರ ಕಮ್ಮಿ. ಇಲ್ಲಿ ನೋಡು, ಎಮ್ಮೆಲ್ಲೆನ ಬಯ್ಯದ ನಿನ್ನ ಚಾ ಗಂಟಲಾಗ ಇಳಿಯಂಗಿಲ್ಲ.”

ಮೀಸಲಾತಿಯ ಮಾತು ಬಂದರೆ ಅಂಗಡಿ ಎರಡು ಪಾಲಾಗುತ್ತಿತ್ತು. ಕನಕರಾಯ ನಡುವೆ ಕೂರುತ್ತಿದ್ದ. ಮಲೇಶಿಯಾದಲ್ಲಿ ಹೆಚ್ಚು ಸಂಖ್ಯೆಯಲ್ಲಿರುವ ಮಲಯ ಜನಕ್ಕೇ ನೌಕರಿಯಲ್ಲಿ, ಕಾಲೇಜಿನಲ್ಲಿ ಮೊದಲ ಜಾಗ. ಅಂಗಡಿ ವ್ಯಾಪಾರ ಹೆಚ್ಚಾಗಿ ಚೀನಿಯರದು. “ಹಿಂದ ಬಿದ್ದವರನ್ನ ಎತ್ತೋದು ತಪ್ಪಲ್ಲ. ಆದ್ರ ರಬ್ಬರ್ ತೋಟದಾಗಿನ ತಮಿಳರನ್ನ ನೋಡಿನಿ. ಮುತ್ತ್ಯಾನ ಕಾಲದಿಂದ ಹಾಲು ಇಳಸಾಕತ್ತ್ಯಾರ, ಇನ್ನೂ ತೋಟದ ಧಣಿ ಕಟ್ಟಿಸಿದ ಸಾಲುಮನ್ಯಾಗ ಅದಾರ. ನಮ್ಮ ಆರ್.ಎಚ್. ಕ್ಯಾಂಪಿಗೆ ನಿರಾಶ್ರಿತರಾಗಿ ಬಂದ ಬಂಗಾಲಿ ಮಂದಿ ಇಪ್ಪತ್ತು ವರ್ಷದಾಗ ಸ್ವಂತ ಹೊಲದಾಗ ನೆಲ್ಲು ಬೆಳಿಯಾಕತ್ತಿಲ್ಲೇನು? ಈ ಒಂದು ಕೆಲಸ ನಾವು ಛಲೋ ಮಾಡೀವಿ.”

ಹೀಗೆ ಎಲ್ಲದಕ್ಕೂ ಅವನಲ್ಲಿ ಉತ್ತರವಿತ್ತು. ಒಂದು ಮಾತನ್ನು ಮಾತ್ರ ಅವನು ಬೆಳೆಸುತ್ತಿರಲಿಲ್ಲ. ತೊಂಬತ್ತೆರಡರ ಶ್ರಾವಣದಲ್ಲಿ ಅವನ ತಾಯಿ ಮುದುಕಮ್ಮ ತೀರಿಕೊಂಡಾಗ ಕನಕರಾಯ ಮಣ್ಣಿಗೆ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಕೇಳಿದವರಿಗೆಲ್ಲ ‘ರಜಾ ಸಿಗಲಿಲ್ಲ’ ಎಂದು ಒಂದೇ ಮಾತು ಹೇಳಿ ಬೇರೆ ವಿಷಯಕ್ಕೆ ಹೊರಳುತ್ತಿದ್ದ. ತಂಗಿ ಯಮನಮ್ಮ ಅದನ್ನು ನಂಬಿರಲಿಲ್ಲ. ಅಣ್ಣ ದುಡಿಮೆ ಬಿಟ್ಟು ಬರಲು ಮನಸ್ಸು ಮಾಡಲಿಲ್ಲ ಎಂದೇ ಅವಳ ಲೆಕ್ಕ. ಬಾಯಿಬಿಟ್ಟು ಹೇಳದಿದ್ದರೂ, ಅಣ್ಣನ ಮುಂದೆ ತಾಟು ಇಡುವ ಸದ್ದಿನಲ್ಲಿ ಅದು ಕೇಳಿಸುತ್ತಿತ್ತು.

ಈಗ ಅದೇ ಯಮನಮ್ಮನ ಮಗ ಯಂಕೋಬ ಮಲೇಶಿಯಾಕ್ಕೆ ಹೊರಟಿದ್ದ. ಇಪ್ಪತ್ತಮೂರರ ಹುಡುಗ, ಮಾವನ ಕೈಕೆಳಗೇ ಕರಣಿ ಹಿಡಿಯಲು ಕಲಿತವನು. ಸೋಮವಾರ ಪ್ರಯಾಣ. ಸಾಲಗುಂದದ ಏಳು ಜನರನ್ನು ಕಳಿಸುತ್ತಿದ್ದ ಹೊಸ ಏಜೆಂಟರೊಬ್ಬರು ಶನಿವಾರ ಮುಂಜಾನೆ ಜೀಪಿನಲ್ಲಿ ಬಂದು, ವೀಸಾ ಒತ್ತಿಸಿದ ಪಾಸ್‌ಪೋರ್ಟುಗಳನ್ನು ಹಣಮಪ್ಪನ ಗುಡಿಕಟ್ಟೆಯ ಮೇಲೆ ಹಂಚುವವರಿದ್ದರು. ‘ಕನಕರಾಯಪ್ಪ, ಹೋಗಿ ಬಂದವರು ನೀವು. ಹುಡುಗರಿಗೆ ನಾಲ್ಕು ಒಳ್ಳೆ ಮಾತು ಹೇಳಬೇಕು’ ಎಂದು ಮೊದಲೇ ಹೇಳಿಕಳಿಸಿದ್ದರು. ಕನಕರಾಯ ಇಸ್ತ್ರಿ ಅಂಗಿ ತೊಟ್ಟು ಹೋದ. ಹೆದರಬೇಡಿ, ಕೈಯಲ್ಲಿ ಕಸುಬಿದ್ದವನು ಎಲ್ಲಿಯೂ ಕೆಡುವುದಿಲ್ಲ ಎಂಬ ಮಾತನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ.

ಏಜೆಂಟರು ಒಬ್ಬೊಬ್ಬರ ಹೆಸರು ಕೂಗಿ ಪಾಸ್‌ಪೋರ್ಟಿನ ಪುಸ್ತಕ ಕೊಟ್ಟರು. ಯಂಕೋಬ ತನ್ನದನ್ನು ಕಣ್ಣಿಗೆ ಒತ್ತಿಕೊಂಡ. ಆಗ ಕಟ್ಟೆಯ ಮೂಲೆಯಲ್ಲಿದ್ದ ಹಿರಿಯ ರಾಮಣ್ಣ ಬುದ್ಧಿ ಹೇಳಿದ: “ತಮ್ಮಗಳಿರಾ, ಕಾಗದ ನಿಮ್ಮ ತಾವ ಇಟ್ಕೋಬ್ಯಾಡ್ರಿ. ಅಲ್ಲಿ ಮುಟ್ಟಿದ ಕೂಡ್ಲೆ ಧಣಿ ಕೈಯಾಗ ಕೊಟ್ಟುಬಿಡ್ರಿ. ಜ್ವಾಕಿ ಇರ್ತೈತಿ.”

“ಬರೋಬ್ಬರಿ ಹೇಳಿದ್ರಿ ಯಜಮಾನ್ರ. ಕಂಪನಿದಾಗ ಸ್ಟೀಲ್ ಅಲಮಾರಿ ಐತಿ, ಅದರಾಗ ಇಡ್ತಾರ” ಎಂದರು ಏಜೆಂಟರು.

ಅದರಲ್ಲಿ ಯಾರಿಗೂ ಕೊಂಕು ಕಾಣಲಿಲ್ಲ. ಸಾಲಗುಂದದ ಪದ್ಧತಿಯೇ ಹಾಗೆ. ಹೊಲದ ಪಟ್ಟಾ, ರೇಷನ್ ಕಾರ್ಡು, ಏಳನೇ ಇಯತ್ತೆ ಪಾಸಾದ ಕಾಗದ, ಎಲ್ಲವೂ ಗೌಡರ ಮನೆಯ ತೇಗದ ಪೆಟ್ಟಿಗೆಯಲ್ಲಿ ಅವರವರ ಅರಿವೆಯ ಗಂಟಿನಲ್ಲಿ ಇರುತ್ತಿದ್ದವು. ಮಣ್ಣಿನ ಮನೆಗಳಲ್ಲಿ ಒರಲೆ, ಇಲಿ, ಸೋರುವ ಮಾಳಿಗೆ. ಎರಡೂ ಕೈಯಿಂದ ಕೊಟ್ಟು, ಬೇಕಾದಾಗ ಹೋಗಿ ಕೇಳಿದರೆ ಗೌಡರು ತೆಗೆದು ಕೊಡುತ್ತಿದ್ದರು. ಹೀಗಾಗಿ ಕೊಟ್ಟವರಿಗೆ ಕೊಟ್ಟೆನೆಂಬ ಭಯವಿರಲಿಲ್ಲ, ಇಟ್ಟೆನೆಂಬ ನೆಮ್ಮದಿಯಿತ್ತು.

“ಆತ್ರಿ, ಹೋದ ದಿನಾನ ಕೊಡ್ತೀನಿ” ಎಂದ ಯಂಕೋಬ.

ಕನಕರಾಯನಿಗೆ ಹೊಂದಿಸಿಕೊಂಡಿದ್ದ ಮಾತು ಮರೆತೇ ಹೋಯಿತು. ಈಗ ಸುಮ್ಮನಿದ್ದರೆ ಅವನ ಹೆಸರು ಉಳಿಯುತ್ತಿತ್ತು. ಮಾತಾಡಿದರೆ, ಇಷ್ಟು ದಿನ ಚಹಾದಂಗಡಿಯಲ್ಲಿ ದೇಶಕ್ಕೇ ಬುದ್ಧಿ ಹೇಳಿದವನು ಎಂಥ ಹುಂಬನೆಂದು ಊರಿಗೆಲ್ಲ ತಿಳಿಯುತ್ತಿತ್ತು. ಹೆಂಗಸರ ಗುಂಪಿನಲ್ಲಿ ಯಮನಮ್ಮ ನಿಂತಿದ್ದಳು. ಕನಕರಾಯ ಎದ್ದ.

“ದೇಶ ಛಲೋ ಐತಿ” ಎಂದು ಆರಂಭಿಸಿದ. “ದುಡಿದವಗ ಅನ್ನ ಐತಿ. ಅದರಾಗ ಸುಳ್ಳಿಲ್ಲ. ಆದ್ರ ಯಂಕೋಬ, ಆ ಪುಸ್ತಕ ಯಾರ ಕೈಯಾಗೂ ಬಿಡಬ್ಯಾಡ.”

“ಯಾಕ ಮಾವ?”

“ನಾ ಬಿಟ್ಟಿದ್ದೆ. ಯಾರೂ ಕಸಗೊಳ್ಳಲಿಲ್ಲ, ಕೇಳಲೂ ಇಲ್ಲ. ಇಳಿದ ದಿನಾನ ಮೇಸ್ತ್ರಿ ತಾವ ಹೋಗಿ, ಎರಡೂ ಕೈಲೆ ಕೊಟ್ಟು, ಜ್ವಾಕಿ ಇಡ್ರಿ ಧಣಿ ಅಂತ ಕೈ ಮುಗದೆ. ಸಂಗಾಟದ ತಮಿಳರು ನಕ್ಕರು. ಯಾಕ ನಗತಾರ ಅಂತ ತಿಳಿಲಿಲ್ಲ ನನಗ. ಅವ್ವ ಸತ್ತಾಳಂತ ತಾರು ಬಂದಾಗ ತಿಳೀತು.”

ಕನಕರಾಯ ಅಳಿಯನ ಕಡೆಯಿಂದ ಯಮನಮ್ಮನ ಕಡೆಗೆ ತಿರುಗಿದ.

“ಹೋಗಿ ಕೇಳಿದೆ. ಕರಾರು ಮುಗಿಯಾಕ ಇನ್ನಾ ಏಳು ತಿಂಗಳು ಐತಿ, ಅಲ್ಲಿತನ ಕೊಡಂಗಿಲ್ಲ ಅಂದ್ರು. ಪುಸ್ತಕ ಇಲ್ಲದ ವಿಮಾನ ಹತ್ತಿಸ್ತಾರೇನು? ರಜಾ ಸಿಗಲಿಲ್ಲ ಅಂದದ್ದು ಸುಳ್ಳು. ಕೊಟ್ಟದ್ದು ವಾಪಸ್ ಸಿಗಲಿಲ್ಲ.”

ಏಜೆಂಟರ ಮುಖ ಬಿಗಿಯಿತು. “ಕನಕರಾಯಪ್ಪ, ಒಳ್ಳೆ ಮಾತು ಹೇಳ್ರಿ ಅಂತ ಕರೆದ್ರ ನೀವು ಹುಡುಗರನ್ನ ಹೆದರಸಾಕತ್ತೀರಿ. ಪುಸ್ತಕ ಕೊಡಂಗಿಲ್ಲ ಅಂದವರನ್ನ ಕಂಪನಿ ತಗೋಳಂಗಿಲ್ಲ ಅಂದ್ರ ನಾ ಜವಾಬ್ದಾರ ಅಲ್ಲ.”

“ಹೆದರಸಾಕತ್ತಿಲ್ರಿ. ನೋಡಬೇಕಂದ್ರ ನೋಡಲಿ, ಬರಕೋಬೇಕಂದ್ರ ಬರಕೊಳ್ಳಲಿ, ಹೊಳ್ಳಿ ಕೊಡಲಿ. ಹಂಗೂ ತಗೋಳಂಗಿಲ್ಲ ಅಂದ್ರ ನನ್ನ ಅಳಿಯ ಪುಸ್ತಕ ತಗೊಂಡ ವಾಪಸ್ ಬರ್ತಾನ. ಸಿಂಧನೂರಾಗ ಇನ್ನಾ ಗ್ವಾಡಿ ಕಟ್ಟೋದು ಮುಗದಿಲ್ಲ.”

ಅಲ್ಲಲ್ಲಿ ನಗು ಎದ್ದಿತು. ರಾಮಣ್ಣ ಮಾತ್ರ ತಲೆ ಕೊಡವಿದ. “ಗೌಡರು ಕೇಳಿದಾಗ ಕೊಡ್ತಾರಲ್ಲೋ?”

“ಗೌಡರು ನಮ್ಮ ಊರಾಗ ಇರ್ತಾರ, ಯಜ್ಜ. ಕೊಡಲಿಲ್ಲ ಅಂದ್ರ ನಾಳೆ ಅವರ ಮನಿ ಮುಂದ ನಾವೆಲ್ಲರೂ ಕುಂದರ್ತೀವಿ. ಅಲ್ಲಿ ನಾ ಒಬ್ಬನ ಕುಂತಿದ್ದೆ.”

ಏಳರಲ್ಲಿ ಇಬ್ಬರು ಏಜೆಂಟರ ಮಾತೇ ಸರಿ ಎಂದರು. ಯಂಕೋಬ ಪುಸ್ತಕವನ್ನು ಅಂಗಿಯ ಕಿಸೆಗೆ ಇಳಿಸಿದ. ಅದು ಅರ್ಧ ಹೊರಗೇ ಉಳಿಯಿತು. ಸೋಮವಾರ ಬಸ್ಸು ಆರಕ್ಕೆ ಎಂದಷ್ಟೇ ಹೇಳಿ ಏಜೆಂಟರು ಜೀಪು ಹತ್ತಿದರು.

ಜನ ಕರಗಿದ ಮೇಲೆ ಯಮನಮ್ಮ ಕಟ್ಟೆಯ ಬಳಿಗೆ ಬಂದಳು. ಅಣ್ಣನ ಮುಖ ನೋಡದೆ ಕೇಳಿದಳು: “ಒಬ್ಬನ ಕುಂತಿದ್ದೆ ಅಂದಿ. ಎಷ್ಟೊತ್ತು ಕುಂತಿದ್ದಿ?”

“ಮೂರು ದಿನ. ನಾಕನೇ ದಿನ ಕೆಲಸಕ್ಕ ಹೋದೆ. ಇಲ್ಲಿ ಮಣ್ಣು ಆಗಿ ಹೋಗಿರ್ತೈತಿ ಅಂತ ಗೊತ್ತಾಗಿತ್ತು.”

“ನನಗರ ಹೇಳಬೇಕಿತ್ತು.”

“ಏನಂತ ಹೇಳ್ಲಿ ಯಮನಿ? ಧಣಿ ಅಂತ ಕೈ ಮುಗಿದು ನಾನ ಕೊಟ್ಟೀನಿ ಅಂತನಾ?”

ಯಮನಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಮಗನ ಕಿಸೆಯಿಂದ ಪುಸ್ತಕ ತೆಗೆದು ಹಿಂದೆ ಮುಂದೆ ತಿರುಗಿಸಿದಳು. ಓದಲು ಬಾರದ ಅವಳು ಅದರ ಉದ್ದಗಲ ನೋಡುತ್ತಿದ್ದಳು.

“ಮನಿಗೆ ನಡಿ. ಇವನ ಬನೀನಿಗೆ ಒಳಗಿಂದ ಒಂದು ಕಿಸೆ ಹಚ್ತೀನಿ. ಮಲಗಿದ್ರೂ ಮೈಮ್ಯಾಲೆ ಇರಬೇಕು. ಎಷ್ಟು ಅಗಲ ಹಿಡೀಲಿ, ಅಣ್ಣಾ?”

ಕನಕರಾಯ ಪುಸ್ತಕದ ಮೇಲೆ ಬೆರಳು ಜೋಡಿಸಿ ಅಳೆದ. “ಆರು ಬೆರಳು ಅಗಲ ಹಿಡಿ, ಮ್ಯಾಲೆ ಗುಂಡಿ ಹಚ್ಚು. ತಳಕ್ಕ ಎರಡು ಸರತಿ ಹೊಲಿ. ಅಲ್ಲಿ ಬೆವರು ಭಾಳ, ದಾರ ಲಗೂನ ಕೊಳಿತೈತಿ.”

ಮನೆಯಲ್ಲಿ ಅವಳು ಮೊದಲು ಅಣ್ಣನಿಗೆ ರೊಟ್ಟಿ ಹಾಕಿದಳು. ತಾಟು ಸದ್ದಿಲ್ಲದೆ ನೆಲ ಮುಟ್ಟಿತು. ಆಮೇಲೆ ಬಾಗಿಲ ಬೆಳಕಿಗೆ ಕೂತು ಸೂಜಿಗೆ ದಾರ ಪೋಣಿಸಿದಳು.