ಬೂದಿಯಲ್ಲಿ ತೊಳೆದ ಕಪ್ಪೆಗಳು

ಅಮೃತಾಪುರದ ಕರಿಸಿದ್ದಪ್ಪ ತರೀಕೆರೆಯ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದವರು. ಪ್ರಾಕ್ಟಿಕಲ್‌ಗೆ ಕಪ್ಪೆ ಹಿಡಿದು ತರುವುದು ಅವರ ಕೆಲಸ. ಕೊಯ್ಯುವಾಗ ಮಕ್ಕಳ ಕೈಯಿಂದ ಜಾರದಿರಲೆಂದು ಒಂದೊಂದಕ್ಕೂ ಒಲೆಬೂದಿ ಹಚ್ಚಿ, ಮೈಮೇಲಿನ ಲೋಳೆ ಹೋಗುವವರೆಗೂ ತೊಳೆದು ಕೊಡುತ್ತಿದ್ದರು.

"ಕೊರಳಲ್ಲಿ ಲಿಂಗ ಕಟ್ಕೊಂಡು ಮಾಡೋ ಕೆಲ್ಸನೇನ್ರೀ ಇದು?" ಎಂದು ಹೆಂಡತಿ ತೀರ್ಥಮ್ಮ ಹಂಗಿಸುತ್ತಲೇ ಇದ್ದರು. ಅದಕ್ಕೋ ಏನೋ, ನಿವೃತ್ತರಾದ ಮೇಲೆ ತಮ್ಮ ತೋಟದ ಕಲ್ಲುಬಾವಿಯ ಕಪ್ಪೆಗಳನ್ನು ಅವರು ಯಾರಿಗೂ ಮುಟ್ಟಗೊಡಲಿಲ್ಲ. ಅಲ್ಲಿ ಗಿಡಕ್ಕೆ ಹೊಡೆಯುವ ಔಷಧಿಯ ಡಬ್ಬಿ ತೊಳೆಯಲು ಬಂದವರನ್ನು ಬೈದು ಅಟ್ಟುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಆ ಕಪ್ಪೆಗಳು ಸಾಯತೊಡಗಿದವು. ಹಗಲಲ್ಲೇ ಮೆಟ್ಟಿಲ ಮೇಲೆ ಕಾಲು ಅಗಲಿಸಿ ಬಿದ್ದಿರುತ್ತಿದ್ದವು, ಮುಟ್ಟಿದರೂ ನೆಗೆಯುತ್ತಿರಲಿಲ್ಲ. ಅದೇ ಕಾಲೇಜಿನಲ್ಲಿ ಓದಿ ಈಗ ಕಪ್ಪೆಗಳ ಬಗ್ಗೆ ಸಂಶೋಧನೆ ಮಾಡುತ್ತಿರುವ ಭವ್ಯಳಿಗೆ ಫೋನ್ ಮಾಡಿದರು. ಅವಳು ಬಂದು, ಪರೀಕ್ಷೆಗೆಂದು ಹತ್ತಿ ಕಡ್ಡಿಯಿಂದ ಕಪ್ಪೆಗಳ ಮೈ ಒರೆಸಿಕೊಂಡು ಹೋದಳು.

ಎರಡು ವಾರದ ನಂತರ ಅವಳದೇ ಫೋನ್. "ಚರ್ಮಕ್ಕೆ ಬೂಷ್ಟು ಹಿಡ್ದಿದೆ ಕರಿಸಿದ್ದಣ್ಣ. ಸೋಮವಾರ ಬತ್ತೀನಿ, ನೋಡಾಣ."

ಬೂಷ್ಟು ಎಂದರೆ ಅವರಿಗೆ ಗೊತ್ತಿದ್ದದ್ದು ತೊಳೆದರೆ ಹೋಗುವಂಥದ್ದು. ಸೋಮವಾರದವರೆಗೆ ಕಾಯಲು ಮನಸ್ಸಾಗಲಿಲ್ಲ. ಉಳಿದಿದ್ದ ಹನ್ನೊಂದು ಕಪ್ಪೆಗಳನ್ನು ಹಿಡಿದು, ಬೂದಿಗೆ ಅರಿಶಿನ ಬೆರೆಸಿ, ಹಳೆಯ ಕೈಚಳಕದಲ್ಲೇ ಒಂದೊಂದನ್ನೂ ತೊಳೆದು ಬಕೆಟ್ಟಿಗೆ ಬಿಟ್ಟರು. ನೀರು ಹೊಯ್ದವರು ತೀರ್ಥಮ್ಮ.

"ಮೊಮ್ಮಕ್ಕಳಿಗೂ ಹಿಂಗೆ ಸ್ನಾನ ಮಾಡ್ಸಿರ್ಲಿಲ್ಲ ಕಣ್ರೀ ನೀವು!"

ಸೋಮವಾರ ಭವ್ಯ ಬರುವಷ್ಟರಲ್ಲಿ ಬಕೆಟ್ಟಿನಲ್ಲಿ ಒಂದೇ ಒಂದು ಜೀವ ಉಳಿದಿತ್ತು. ನಡೆದದ್ದನ್ನು ಕೇಳಿ ಅವಳು ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟಳು.

"ಆ ಲೋಳೆನೇ ಅವುಕ್ಕೆ ಔಷಧಿ ಕಣಣ್ಣ. ಬೂಷ್ಟನ್ನ ತಡೆಯೋದು ಅದ್ರಲ್ಲೇ ಇರೋದು. ಮಿಕ್ಕವೆಲ್ಲ ಸತ್ರೂ ಈ ಹನ್ನೊಂದು ಉಳ್ಕಂಡಿದ್ದು ಅದ್ರಿಂದ್ಲೇ ಇರ್ಬೇಕು."

"ಕಾಲೇಜಲ್ಲಿ ನಿಂಗೂ ತೊಳ್ದು ಕೊಟ್ಟಿದ್ದೆ, ಅಲ್ವೇನವ್ವಾ" ಎಂದರು ಕರಿಸಿದ್ದಪ್ಪ. ಬಕೆಟ್ಟಿನೊಳಗೆ ಬಗ್ಗಿ ನೋಡಿ ಕೇಳಿದರು: "ಲೋಳೆ ಮತ್ತೆ ಬರಲ್ವಾ?"

"ಬರುತ್ತೆ. ಅಲ್ಲೀಗಂಟ ಇದು ಇದ್ರೆ."

ಇನ್ನು ಮುಟ್ಟಬೇಡಿ ಎಂದು ಹೇಳಿ ಅವಳು ಬಸ್ಸಿಗೆ ಹೋದಳು. ಕರಿಸಿದ್ದಪ್ಪ ಬಕೆಟ್ಟಿನ ಪಕ್ಕ, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕುಳಿತರು. ಮಧ್ಯಾಹ್ನ ಕಪ್ಪೆ ಮಗುಚಿಕೊಂಡಿತು. ನೆಟ್ಟಗೆ ಮಾಡಲು ಚಾಚಿದ ಕೈಯನ್ನು ಅವರು ಅರ್ಧಕ್ಕೇ ಹಿಂದಕ್ಕೆ ಎಳೆದುಕೊಂಡರು.

ಸಂಜೆ ತೀರ್ಥಮ್ಮ ಬಂದು "ಹೋಯ್ತೇನ್ರೀ?" ಎಂದಾಗಲೂ ಅವರ ಕೈಗಳು ಕಂಕುಳಲ್ಲೇ ಇದ್ದವು.