ಝೆರಾಕ್ಸ್ ಅಂಗಡಿಯ ಎತ್ತುಗಳು

ಹೋದ ವಾರ ನಮ್ಮ ಕಾಲೇಜಿನ ಆಫೀಸಿಗೆ ಹೊಸ ಝೆರಾಕ್ಸ್ ಯಂತ್ರ ಬಂತು. ಮೊದಲ ಹಾಳೆ ಹೊರಬಿದ್ದಾಗ ಬಿಸಿ ಮಸಿಯ ವಾಸನೆ ಮೂಗಿಗೆ ಬಡಿಯಿತು. ಬೆಚ್ಚಗಿನ ಹಾಳೆಯನ್ನು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ. "ಯಾಕ್ರಿ ಮೇಡಂ, ಕಾಪಿ ಸರಿ ಬಂದಿಲ್ಲೇನ್ರಿ?" ಎಂದರು ಗುಮಾಸ್ತರು. ಕಾಪಿ ಸರಿಯಾಗಿಯೇ ಬಂದಿತ್ತು. ನಾನು ಮಾತ್ರ ಬೈಲಹೊಂಗಲದ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಗೆ, ಅಲ್ಲಿನ ಕಾಕಾ ಹತ್ತಿರ ಹೋಗಿಬಿಟ್ಟಿದ್ದೆ...

ಬಿಸಿಎ ಓದುವಾಗ ಮಧ್ಯಾಹ್ನದ ಹೊತ್ತು ಆ ಝೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಅಂಗಡಿಯ ಮಾಲೀಕರಾದ ಕಾಕಾ ನಮ್ಮ ಸಂಬಂಧಿಕರೇನಲ್ಲ, ಊರಿಗೆಲ್ಲ ಕಾಕಾ. ಗಿರಾಕಿಗಳ ಪೆನ್ ಡ್ರೈವ್ ಹೊತ್ತು ತರುತ್ತಿದ್ದ ವೈರಸ್ಸಿಗೆ ಬೇಸತ್ತು ಅವರು ಅಂಗಡಿಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಸಿದ್ದರು. ನಮ್ಮೂರಲ್ಲಿ ಆಗ ಲಿನಕ್ಸ್ ಅಂದರೆ ಮೂಗು ಮುರಿಯುವವರೇ ಹೆಚ್ಚು. ಕಾಕಾ ಮಾತ್ರ ಪರದೆಯ ಮೇಲೆ ಅದರ ಗುರುತಾಗಿದ್ದ ಪೆಂಗ್ವಿನ್ ತೋರಿಸಿ, ಇದು ನಮ್ಮ ಬಾತುಕೋಳಿ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಅದು ಬಾತುಕೋಳಿಯಲ್ಲ ಎಂದು ಹೇಳಿ ಹೇಳಿ ನನಗೇ ಸಾಕಾಯಿತು.

ಅವರ ಮಗಳ ಹತ್ತಿರ ಟಿವಿಗೆ ಜೋಡಿಸಿ ಆಡುವ ಗೇಮ್ ಪೆಟ್ಟಿಗೆ ಇತ್ತು. ಅದರಲ್ಲೊಂದು ಒಕ್ಕಲುತನದ ಆಟ. ಒಂದು ಹೊಲ, ಒಂದು ಜೋಡಿ ಎತ್ತು. ರಂಟೆ ಹೊಡೆದು ನೆಲ ಉಳಬೇಕು, ಬಿತ್ತಬೇಕು, ಭಾನುವಾರದ ಸಂತೆಗೆ ಹೋಗಿ ಕಾಳು ಮಾರಬೇಕು. ಮಗಳಿಗಿಂತ ಅಪ್ಪನಿಗೇ ಅದರ ಹುಚ್ಚು ಹಿಡಿಯಿತು. ಯಾಕೆ ಅಂತ ಒಮ್ಮೆ ಚಹಾ ಕುಡಿಯುವಾಗ ಅವರೇ ಹೇಳಿದರು. ಮುನವಳ್ಳಿ ಕಡೆ ಅವರ ಅಪ್ಪನಿಗೆ ಎರೆಹೊಲ ಇತ್ತಂತೆ. ಕಾಕಾ ರಂಟೆ ಹಿಡಿಯುವಷ್ಟು ದೊಡ್ಡವರಾಗುವ ಮುಂಚೆಯೇ ಅದು ಮಲಪ್ರಭೆಯ ಹಿನ್ನೀರಿನಲ್ಲಿ ಮುಳುಗಿತು. ಮುಂದೆ ಬದುಕು ಅಂಗಡಿ ಕಡೆ ತಿರುಗಿತು. ಆಟದ ಎತ್ತುಗಳಿಗೆ ಅಪ್ಪನ ಎತ್ತುಗಳ ಹೆಸರನ್ನೇ ಇಟ್ಟಿದ್ದರು: ಹಂಡ್ಯಾ, ಮಾಸ್ಯಾ.

ಮಗಳು ಮದುವೆಯಾಗಿ ರಾಮದುರ್ಗಕ್ಕೆ ಹೋಗುವಾಗ ಪಾತ್ರೆ, ಹಾಸಿಗೆ, ಕಪಾಟಿನ ಜೊತೆ ಆ ಪೆಟ್ಟಿಗೆಯೂ ಗಾಡಿ ಹತ್ತಿತು. ಆಟದ ಡಿಸ್ಕನ್ನು ಮಾತ್ರ ಅಪ್ಪನ ಕೈಗೆ ಕೊಟ್ಟು ಹೋದಳು. ಆ ಆಟವೋ, ಆ ಪೆಟ್ಟಿಗೆಗೆಂದೇ ಮಾಡಿದ್ದು, ಬೇರೆಲ್ಲೂ ನಡೆಯುವುದಿಲ್ಲ. ಮರುದಿನ ಕಾಕಾ ಡಿಸ್ಕನ್ನು ನನ್ನ ಮೇಜಿನ ಮೇಲಿಟ್ಟರು.

"ತಂಗಿ, ನನ್ನ ಎತ್ತು ಒಳಗ ಸಿಕ್ಕೊಂಡಾವ. ನಮ್ಮ ಬಾತುಕೋಳಿ ಮ್ಯಾಲ ಇಳಸಾಕ ಬರತೈತೇನು ನೋಡು."

ಬರುವುದಿಲ್ಲ ಎಂದು ಹೇಳಬೇಕಿತ್ತು. ಆ ಮುಖ ನೋಡಿ, ಹುಡುಕಿ ನೋಡುತ್ತೇನೆ ಎಂದುಬಿಟ್ಟೆ. ಹುಡುಕಿದಾಗ ಗೊತ್ತಾಯಿತು, ಜಗತ್ತಿನ ಮೂಲೆ ಮೂಲೆಯ ಕೆಲವರು ಸೇರಿ ಆ ಆಟವನ್ನು ಬಿಚ್ಚಿ, ಕಂಪ್ಯೂಟರಿಗೆ ತಿಳಿಯುವ ಭಾಷೆಯಲ್ಲಿ ತುಂಡು ತುಂಡಾಗಿ ಮತ್ತೆ ಬರೆಯುತ್ತಿದ್ದರು. ಹೆಚ್ಚು ಜನ ಬಳಸುವ ಕಂಪ್ಯೂಟರುಗಳಲ್ಲಿ ಅದು ಆಗಲೇ ಓಡುತ್ತಿತ್ತು. ಲಿನಕ್ಸಿನದು ಮಾತ್ರ ಯಾರಿಗೂ ಬೇಡದ ಕೂಸಾಗಿ ಬಿದ್ದಿತ್ತು. ನಾನೂ ಒಂದು ಕೈ ಹಚ್ಚುತ್ತೇನೆ ಎಂದು ಅವರಿಗೆ ಬರೆದೆ.

ಗಿರಾಕಿಗಳಿಲ್ಲದ ಮಧ್ಯಾಹ್ನಗಳೆಲ್ಲ ಅದಕ್ಕೇ ಹೋದವು. ಮೊದಲ ಸಲ ಪರದೆ ಬರೀ ಕಪ್ಪು. ಆಮೇಲೆ ಹೊಲ ಬಂತು, ಎತ್ತು ಬರಲಿಲ್ಲ. ಕೊನೆಗೆ ಎತ್ತುಗಳೂ ಬಂದವು, ಆದರೆ ಕಾಲು ಮೇಲೆ ಮಾಡಿಕೊಂಡು! ನಾನು ಬಿದ್ದು ಬಿದ್ದು ನಕ್ಕೆ. ಕಾಕಾ ನಗಲಿಲ್ಲ. "ಪಾಪ, ಜಲ್ದಿ ನೆಟ್ಟಗ ನಿಂದ್ರಸು" ಎಂದು ಚಡಪಡಿಸಿದರು.

ನೆಟ್ಟಗೆ ನಿಂತ ದಿನ ಕಾಕಾ ಅಂಗಡಿಯ ಷಟರ್ ಅರ್ಧ ಇಳಿಸಿ, ಕೈತೊಳೆದು ಬಂದು ಕೀಬೋರ್ಡಿಗೆ ಕುಳಿತರು. ಹಂಡ್ಯಾ, ಮಾಸ್ಯಾ ಹೆಜ್ಜೆ ಹಾಕಿದವು. ಹಿಂದೆ ಮಣ್ಣು ಕಪ್ಪಗೆ ಮಗುಚಿ ಬಿತ್ತು. ಸಾಲು ನೂಲು ಹಿಡಿದ ಹಾಗೆ ನೇರವಾಗಿತ್ತು. ಹೊರಗೆ ಯಾರೋ ಆಧಾರ್ ಕಾರ್ಡ್ ಹಿಡಿದು ಕೂಗುತ್ತಿದ್ದರು. ಕಾಕಾಗೆ ಕೇಳಿಸಲೇ ಇಲ್ಲ. ಅಷ್ಟು ಸಂತೋಷವನ್ನು ಇನ್ನೊಬ್ಬರ ಮುಖದಲ್ಲಿ ನಾನು ತಂದದ್ದು ಅದೇ ಮೊದಲು.

ಆದರೆ ಕೆಲವೇ ದಿನಗಳಲ್ಲಿ ಒಂದು ಮಧ್ಯಾಹ್ನ ನಾನು ಹೋದಾಗ ಕಾಕಾ ಕಂಪ್ಯೂಟರಿನ ಮುಂದೆ ಚಪ್ಪಲಿ ಬಿಟ್ಟು, ಕೈಮುಗಿದು ನಿಂತಿದ್ದರು.

"ಏನಾತ್ರಿ ಕಾಕಾ?"

"ರವಿವಾರದ ಸಂತಿ ಶನಿವಾರ ನೆರದೈತಿ ನೋಡು. ಅಂದ್ರ ವಾರ ಒಂದಿನ ಹಿಂದ ಬಿದ್ದಾವ. ನಾ ಸೋಮವಾರ ಎತ್ತು ದುಡಿಸೇನಿ, ತಂಗಿ."

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ, ಎತ್ತನ್ನೇ ಬಸವಣ್ಣ ಎನ್ನುವ ಜನ ನಾವು. ಕಾಕಾ ಆಟದೊಳಗೂ ಅದನ್ನು ತಪ್ಪಿಸಿದವರಲ್ಲ. ಪರದೆಯ ಮೂಲೆಯಲ್ಲಿ ಸೋಮವಾರ ಎಂದು ಕಂಡರೆ ಎತ್ತುಗಳನ್ನು ಮರದಡಿ ಕಟ್ಟಿ, ಮೇವು ಹಾಕಿ ಸುಮ್ಮನೆ ಕೂಡುತ್ತಿದ್ದರು. ನಾನು ಆಟದಲ್ಲಿ ವಾರ ಎಣಿಸುವ ಕೋಡ್ ಬಿಚ್ಚಿ ನೋಡಿದೆ. ಮೂಲ ಆಟ ವಾರವನ್ನು ಸೋಮವಾರದಿಂದ ಎಣಿಸುತ್ತಿತ್ತು, ನಮ್ಮ ಗುಂಪು ಭಾನುವಾರದಿಂದ ಎಣಿಸಿತ್ತು. ಹೀಗಾಗಿ ನಿಜವಾದ ಸೋಮವಾರದ ಮೇಲೆ ಭಾನುವಾರದ ಹೆಸರು ಕೂತಿತ್ತು. ಆಡಿದ ಯಾರೂ ಅದನ್ನು ಗಮನಿಸಿರಲಿಲ್ಲ, ವಾರದ ಹೆಸರು ಕಟ್ಟಿಕೊಂಡು ಅವರಿಗೇನು?

ಅದನ್ನು ತಿದ್ದಿ ಗುಂಪಿಗೆ ಕಳಿಸಿದೆ. ಹೇಗೆ ಕಂಡುಹಿಡಿದಿರಿ ಎಂದು ಅಲ್ಲಿಂದ ಒಬ್ಬ ಕೇಳಿದ. ಎತ್ತುಗಳ ವಿಷಯವನ್ನೆಲ್ಲ ಬರೆದೆ. ಮುಂದಿನ ಆವೃತ್ತಿಯಲ್ಲಿ ಅವನು ತಾನಾಗಿಯೇ ಒಂದು ಹೊಸ ಆಯ್ಕೆ ಸೇರಿಸಿದ್ದ: ಸೋಮವಾರ ಎತ್ತುಗಳಿಗೆ ವಿಶ್ರಾಂತಿ. ಕಾಕಾಗೆ ತೋರಿಸಿದಾಗ ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ಓದಿದರು. ಆ ದಿನ ಬಂದ ಗಿರಾಕಿಗಳಿಗೆಲ್ಲ ಕುಂದಾ ಹಂಚಿದರು. ಯಾಕೆ ಅಂತ ಯಾರಿಗೂ ಬಿಡಿಸಿ ಹೇಳಲಿಲ್ಲ.

ಆಮೇಲೆ ನನಗೆ ಸವದತ್ತಿಯ ಈ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಊರಿಗೆ ಹೋದಾಗಲೆಲ್ಲ ಅಂಗಡಿಗೆ ಹೋಗುತ್ತಿದ್ದೆ, ಹೊಲ ತೋರಿಸದೆ ಅವರು ಬಿಡುತ್ತಿರಲಿಲ್ಲ. ಕಾಕಾ ತೀರಿಕೊಂಡ ಮೇಲೆ ಅಲ್ಲಿ ಮೊಬೈಲ್ ಅಂಗಡಿಯಾಗಿದೆ. ಕಂಪ್ಯೂಟರನ್ನು ಅವರ ಮಗಳು ನನಗೇ ಕೊಟ್ಟಳು. ಅಪ್ಪನ ಎತ್ತು ನಿಮ್ಮ ಮನೆಯಲ್ಲೇ ಇರಲಿ ಎಂದಳು.

ಅವರು ಕೊನೆಯ ಸಲ ಆಡಿ ಬಿಟ್ಟದ್ದು ಆಟದೊಳಗಿನ ಒಂದು ಸೋಮವಾರ. ಅರ್ಧ ಹೊಲ ರಂಟೆ ಹೊಡೆದಾಗಿದೆ. ಎತ್ತುಗಳು ಮರದಡಿ ಮೇಯುತ್ತಿವೆ. ಆಗಾಗ ತೆರೆದು ನೋಡುತ್ತಿದ್ದೆ, ಏನೂ ಮಾಡದೆ ಮುಚ್ಚುತ್ತಿದ್ದೆ. ದಿನ ಮುಂದೆ ದಾಟಿಸಿದರೆ ಎತ್ತು ಹೂಡಬೇಕು. ಹೂಡುವವರು ಎಲ್ಲಿದ್ದಾರೆ...

ಮಸಿ ವಾಸನೆ ಮೂಗಿಗೆ ಬಡಿದ ಆ ದಿನ ಕಾಲೇಜಿನಿಂದ ಬಂದವಳೇ ಮತ್ತೆ ತೆರೆದೆ. ಹಂಡ್ಯಾ, ಮಾಸ್ಯಾ ಹಾಗೇ ನಿಂತಿದ್ದವು. ಇಷ್ಟು ದಿನ ಹೊಲ ಬೀಳು ಬಿಟ್ಟದ್ದಕ್ಕೆ ಕಾಕಾ ನನ್ನನ್ನು ಬೈಯದೆ ಬಿಡುತ್ತಿರಲಿಲ್ಲ ಅನ್ನಿಸಿತು. ಎದ್ದು ಕೈತೊಳೆದು ಬಂದು ಗುಂಡಿ ಒತ್ತಿದೆ. ಮಂಗಳವಾರ ಬೆಳಗಾಯಿತು. ಕಾಕಾ ನಿಲ್ಲಿಸಿದ ಸಾಲಿನ ಪಕ್ಕದಲ್ಲೇ ಎತ್ತು ಹೂಡಿದೆ. ನನ್ನ ಸಾಲು ಸೊಟ್ಟಗೆ ಹೋಯಿತು. ನೋಡಿ ಗೇಲಿ ಮಾಡಲು ಕಾಕಾ ಇರಲಿಲ್ಲ. ಎತ್ತುಗಳನ್ನು ತಿರುಗಿಸಿಕೊಂಡು ಇನ್ನೊಂದು ಸಾಲಿಗೆ ಹೊರಟೆ.